ತಂಬಾಕು ಸೇದುವ ಹಳೇ ಪೈಪ್ ಮಾರುವ ಮುಂಚೆ ಎಷ್ಟು ಒರೆಸಬೇಕು?

ಪೈಪ್ ಕೈಗೆ ಬಂದ ಕೂಡಲೇ ನಾನು ಹುಡುಕುವುದು ಕೊಳೆಯನ್ನಲ್ಲ, ಮುದ್ರೆಯನ್ನು. ತಂಬಾಕು ತುಂಬುವ ಬೌಲಿನಿಂದ ಹೊರಡುವ ಮರದ ಕುತ್ತಿಗೆಯ ಮೇಲೆ ಕಂಪನಿಯ ಹೆಸರು, ಆಕಾರದ ನಂಬರು, ತಯಾರಾದ ದೇಶ ಎಲ್ಲ ಒತ್ತಿರುತ್ತಾರೆ. ಬೆಲೆ ಕೂತಿರುವುದು ಅಲ್ಲೇ. ಬಫಿಂಗ್ ಚಕ್ರಕ್ಕೆ ಕೊಟ್ಟು ಕನ್ನಡಿ ತರಹ ಹೊಳೆಸಿದ ಪೈಪ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಹೆಸರು ಅರ್ಧ ಮಾಸಿರುತ್ತದೆ. ಅಂಥದ್ದನ್ನು ಸಂಗ್ರಹಕಾರರು ಮುಟ್ಟುವುದೂ ಇಲ್ಲ.

ನಾನು ಪೈಪ್ ಸೇದುವವನಲ್ಲ. ಹಳೇ ಪೆನ್ನು, ವಾಚು ಕೊಂಡು ಮಾರುವವನು. ಕಾಫಿ ಎಸ್ಟೇಟಿನ ಬಂಗಲೆಗಳಲ್ಲಿ ಮನೆ ಖಾಲಿ ಮಾಡುವಾಗ ಪೆನ್ನಿನ ಜೊತೆ ಪೈಪ್‌ಗಳೂ ಬರುತ್ತವೆ. ಚಿಕ್ಕಮಗಳೂರಿನ ಕಡೆಯ ಒಂದು ಬಂಗಲೆಯಿಂದ ಹೀಗೇ ಮೂರು ಒಟ್ಟಿಗೆ ಬಂದವು: ಲಂಡನ್ನಿನ ಡನ್‌ಹಿಲ್ ಕಂಪನಿಯದ್ದು, ಡಬ್ಲಿನ್ನಿನ ಪೀಟರ್ಸನ್ ಕಂಪನಿಯದ್ದು, ಮೀರ್‌ಶಾಮ್ ಅನ್ನುವ ಬಿಳಿ ಕಲ್ಲಿನದ್ದು ಒಂದು. ಮೂರಕ್ಕೂ ಒಂದೇ ನಿಯಮ ನಡೆಯಲಿಲ್ಲ.

ಡನ್‌ಹಿಲ್‌ಗೇ ಜಾಸ್ತಿ ಯೋಚನೆ ಮಾಡಿದ್ದು. ಅದು ‘ಶೆಲ್ ಬ್ರಯರ್’. ಅಂದರೆ ಮರಳು ಚಿಮ್ಮಿಸಿ ಮೈಯನ್ನು ಒರಟು ಮಾಡಿದ್ದು. ಈ ವಿಧಾನಕ್ಕೆ ಡನ್‌ಹಿಲ್ ಪೇಟೆಂಟ್ ಹಾಕಿದ್ದು 1917ರಲ್ಲಿ. ಮೈಯೆಲ್ಲ ಏರುತಗ್ಗು, ಮುದ್ರೆ ಇರುವ ಜಾಗ ಮಾತ್ರ ನುಣುಪು. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಅಕ್ಷರಗಳು ಎದ್ದು ಕಾಣುತ್ತವೆ. ‘ಮೇಡ್ ಇನ್ ಇಂಗ್ಲೆಂಡ್’ ಸಾಲಿನ ಕೊನೆಯಲ್ಲಿ ಒಂದು ಪುಟ್ಟ ಅಂಕಿ ಇರುತ್ತದೆ, ಪೈಪಿನ ವರ್ಷ ಲೆಕ್ಕ ಹಾಕುವುದು ಅದರಿಂದಲೇ. ನನ್ನ ಪೈಪಿನಲ್ಲಿ ಅದರ ಮೇಲೆ ಜಿಡ್ಡು ಕೂತಿತ್ತು. ಇದನ್ನು ತೆಗೆಯಲೇಬೇಕು, ಯಾಕಂದರೆ ಇದು ಮಾಹಿತಿಯನ್ನು ಮುಚ್ಚಿರುವ ಕೊಳೆ. ಹತ್ತಿಯ ಕಡ್ಡಿಗೆ ಎಂಜಲು ಮುಟ್ಟಿಸಿ ಮೆತ್ತಗೆ ಉಜ್ಜಿದೆ. ನಗಬೇಡಿ, ಪೈಪ್ ರಿಪೇರಿ ಮಾಡುವವರೆಲ್ಲ ಇದನ್ನೇ ಮಾಡುತ್ತಾರೆ. ಬೌಲಿನ ಅಂಚಿನಲ್ಲಿ ಕೂತ ಕಪ್ಪು ಟಾರೂ ಇದರಲ್ಲೇ ಸುಮಾರಾಗಿ ಬಿಡುತ್ತದೆ. ನೀರಿನಲ್ಲಿ ಅದ್ದುವುದು ಮಾತ್ರ ಬೇಡ.

ಆಮೇಲೆ ಬೌಲಿನ ಒಳಗಿನ ಮಸಿ. ಇದಕ್ಕೆ ಕೇಕ್ ಅಂತಾರೆ. ಸೇದುವವರಿಗೆ ತೆಳ್ಳಗೆ ಸುಮಾರು 1 ಮಿ.ಮೀ. ಕೇಕ್ ಬೇಕು, ಅದು ಮರ ಸುಡದಂತೆ ಕಾಯುತ್ತದೆ. ದಪ್ಪವಾದರೆ ಕಷ್ಟ. ಬಿಸಿಗೆ ಮಸಿ ಹಿಗ್ಗಿ ಮರದ ಗೋಡೆ ಸೀಳಬಹುದು. ಈ ಪೈಪಿನಲ್ಲಿ ಕಿರುಬೆರಳೂ ಒಳಗೆ ಹೋಗದಷ್ಟು ಕಟ್ಟಿಕೊಂಡಿತ್ತು. ಹಾಗೇ ಬಿಟ್ಟಿದ್ದರೆ ‘ಮೂಲ ಸ್ಥಿತಿಯಲ್ಲಿದೆ’ ಅಂತ ಬರೆದು ಮಾರಬಹುದಿತ್ತು. ಆದರೆ ಅಷ್ಟು ದಪ್ಪ ಮಸಿಯ ಹಿಂದೆ ಬಿರುಕೋ ಸುಟ್ಟ ಗುಳಿಯೋ ಇದ್ದರೆ ಯಾರಿಗೂ ಕಾಣುವುದಿಲ್ಲ. ಒಳಗೆ ಏನಿದೆ ಅಂತ ನನಗೇ ಗೊತ್ತಿಲ್ಲದ ಮಾಲಿಗೆ ಯಾವ ಮುಖದಲ್ಲಿ ಡನ್‌ಹಿಲ್ ರೇಟು ಕೇಳಲಿ? ಹಾಗಾಗಿ ಮಸಿ ಇಳಿಸಿದೆ. ಚಾಕು ಹಾಕಲಿಲ್ಲ, ಅದು ಒಂದೊಂದು ಕಡೆ ಕಚ್ಚಿ ಬೌಲಿನ ದುಂಡು ಕೆಡಿಸುತ್ತದೆ. ದುಂಡನೆಯ ಕಡ್ಡಿಗೆ ಮರಳು ಕಾಗದ ಸುತ್ತಿ ತಿರುಗಿಸುತ್ತಾ ಹೋಗಿ, ತೆಳು ಪದರ ಉಳಿದಾಗ ನಿಲ್ಲಿಸಿದೆ. ಟಾರ್ಚ್ ಹಾಕಿ ನೋಡಿದರೆ ಗೋಡೆ ಸರಿಯಾಗಿತ್ತು.

ಸ್ಟೆಮ್ ವಿಷಯದಲ್ಲಿ ನಾನು ತೀರ್ಮಾನ ಮಾಡಿದ್ದು ಉಲ್ಟಾ. ಬಾಯಿಗಿಡುವ ಈ ಕಪ್ಪು ಭಾಗ ಎಬೊನೈಟ್, ಅಂದರೆ ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರು. ವರ್ಷಗಟ್ಟಲೆ ಬೆಳಕು ಬಿದ್ದರೆ ಗಂಧಕ ಮೇಲೆ ಬಂದು ಹಸಿರು ಮಿಶ್ರಿತ ಕಂದು ಬಣ್ಣ ಕಟ್ಟುತ್ತದೆ. ನೋಡಲು ಚೆನ್ನಾಗಿರುವುದಿಲ್ಲ, ನಾಲಿಗೆಗೆ ಕಹಿ. ಬೇರೆ ಪೈಪ್ ಆಗಿದ್ದರೆ 400 ನಂಬರಿನ ಒರಟಿನಿಂದ ಶುರುಮಾಡಿ 2000 ನಂಬರಿನ ನುಣುಪಿನವರೆಗೆ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಹಾಕಿ ಕಪ್ಪು ಮಾಡುತ್ತಿದ್ದೆ. ಆದರೆ ಉಜ್ಜುವುದು ಅಂದರೆ ರಬ್ಬರನ್ನು ತೆಗೆಯುವುದೇ. ಹಲ್ಲಿಗೆ ಸಿಗುವ ತುದಿಯ ಚೂಪಾದ ಅಂಚು ಮೊಂಡಾಗುತ್ತದೆ. ಮರಕ್ಕೆ ಸೇರುವ ಕಡೆ ಸ್ಟೆಮ್ ಸಣ್ಣದಾಗಿ ಉಗುರಿಗೆ ಸಿಗುವಂಥ ಮೆಟ್ಟಿಲು ಬೀಳುತ್ತದೆ. ಗೊತ್ತಿರುವವರು ಮೊದಲು ಅಲ್ಲೇ ಬೆರಳಾಡಿಸುವುದು. ಡನ್‌ಹಿಲ್‌ನ ಬಿಳಿ ಚುಕ್ಕೆ ಇರುವುದೂ ಸ್ಟೆಮ್ ಮೇಲೇ. ಸೇದುವವರಿಗೆ ಮೇಲ್ಭಾಗ ಯಾವುದು ಅಂತ ತಿಳಿಯಲಿ ಎಂದು ಶುರುವಾದ ಚುಕ್ಕೆ, ಈಗ ಕಂಪನಿಯ ಗುರುತು. ಅದರ ಸುತ್ತ ಉಜ್ಜಲು ನನಗೆ ಧೈರ್ಯವೂ ಇಲ್ಲ, ಅಗತ್ಯವೂ ಇಲ್ಲ. ಈ ದರ್ಜೆಯ ಪೈಪ್ ಕೊಳ್ಳುವವರು ತಮ್ಮದೇ ರಿಪೇರಿಯವರನ್ನು ಇಟ್ಟುಕೊಂಡಿರುತ್ತಾರೆ, ಇಲ್ಲವೇ ಆ ಕೆಲಸವನ್ನು ತಾವೇ ಖುಷಿಯಿಂದ ಮಾಡುತ್ತಾರೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಹಸಿರು ಬಣ್ಣವನ್ನು ಹಾಗೇ ಬಿಟ್ಟೆ.

ಅಂದಹಾಗೆ, ಸ್ಟೆಮ್ ಅಂಟಿಕೊಂಡಿದ್ದರೆ ಬಲ ಹಾಕಿ ತಿರುಚಬೇಡಿ, ಮರದ ಕುತ್ತಿಗೆ ಸೀಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ರಬ್ಬರು ಕುಗ್ಗಿ ಸಡಿಲವಾಗುತ್ತದೆ.

ಒಳಗಿನ ಹೊಗೆದಾರಿಯನ್ನು ಮೂರು ಪೈಪ್‌ಗಳಲ್ಲಿ ಎರಡಕ್ಕೆ ಮಾತ್ರ ತೊಳೆದೆ. ವಾಸನೆ ಇದ್ದರೆ ಯಾರೂ ಕೊಳ್ಳುವುದಿಲ್ಲ, ಅಲ್ಲಿ ತೊಳೆದರೆ ಹೊರಗೆ ಏನೂ ಬದಲಾಗುವುದಿಲ್ಲ. ಬಳಸಿದ್ದು ಐಸೊಪ್ರೊಪೈಲ್ ಆಲ್ಕೋಹಾಲ್, ಅದು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸರ್ಕ್ಯೂಟ್ ಬೋರ್ಡ್ ತೊಳೆಯಲೆಂದು ಸಿಗುತ್ತದೆ. ಮೆಡಿಕಲ್ ಶಾಪಿನ ಸ್ಪಿರಿಟ್ ಬೇಡ, ಅದರಲ್ಲಿ ಕುಡಿಯಬಾರದೆಂದೇ ಏನೇನೋ ಸೇರಿಸಿರುತ್ತಾರೆ. ಇದು ಬಾಯಿಗಿಡುವ ವಸ್ತು, ಅಲ್ವಾ. ಪೈಪ್ ಕ್ಲೀನರಿಗೆ (ನೂಲು ಸುತ್ತಿದ ತೆಳು ತಂತಿ) ಆಲ್ಕೋಹಾಲ್ ಸ್ವಲ್ಪವೇ ಮುಟ್ಟಿಸಿ, ಅದು ಬೆಳ್ಳಗೆ ಹೊರಬರುವ ತನಕ ಎಳೆದೆ. ಹೊರಮೈಗೆ ಒಂದು ತೊಟ್ಟೂ ಬೀಳಬಾರದು, ಮರದ ಬಣ್ಣ ಕರಗುತ್ತದೆ. ಬೌಲಿಗೆ ಉಪ್ಪು ತುಂಬಿ ಆಲ್ಕೋಹಾಲ್ ಸುರಿದು ರಾತ್ರಿಯಿಡೀ ಬಿಡುವ ಪದ್ಧತಿಯೂ ಇದೆ. ಉಪ್ಪು ಕುತ್ತಿಗೆಗೆ ಇಳಿದರೆ ಮರ ಬಿರಿಯಬಹುದು, ಹಾಗಾಗಿ ಮಾರಬೇಕಾದ ದುಬಾರಿ ಮಾಲಿನ ಮೇಲೆ ಆ ಪ್ರಯೋಗ ನಾನು ಮಾಡುವುದಿಲ್ಲ.

ಪೀಟರ್ಸನ್ನಿಗೆ ಬೆಳ್ಳಿ ಕಟ್ಟು ಇತ್ತು, ಪೂರ್ತಿ ಕಪ್ಪಾಗಿತ್ತು. ಅದರ ಮೇಲೆ ಡಬ್ಲಿನ್ನಿನ ಹಾಲ್‌ಮಾರ್ಕ್: ಕೂತ ಹೆಂಗಸು, ಕಿರೀಟವಿರುವ ಹಾರ್ಪ್ ಎಂಬ ತಂತಿವಾದ್ಯ, ವರ್ಷದ ಅಕ್ಷರ. ಬೆಳ್ಳಿ ಅದ್ದುವ ದ್ರಾವಣ ಬಳಸಿದರೆ ಗೀರುಗಳ ಒಳಗಿನ ಕಪ್ಪೂ ಹೋಗಿ ಅಕ್ಷರ ಕಾಣದಂತಾಗುತ್ತದೆ. ಮೆತ್ತನೆ ಬಟ್ಟೆಯಲ್ಲಿ ಮೇಲ್ಮೈ ಮಾತ್ರ ಉಜ್ಜಿದೆ, ಅಷ್ಟೇ. ಇದು ಸೇದುವವರೇ ಕೊಳ್ಳುವ ಬೆಲೆಯದ್ದು, ಹಾಗಾಗಿ ಇದರ ಸ್ಟೆಮ್ಮನ್ನು ಪೂರ್ತಿ ಪಾಲಿಶ್ ಮಾಡಿದೆ.

ಮೀರ್‌ಶಾಮನ್ನು ಒಣ ಬ್ರಷ್ಷಿನಲ್ಲಿ ಧೂಳು ಕೊಡವಿದ್ದು ಬಿಟ್ಟರೆ ಏನೂ ಮಾಡಲಿಲ್ಲ. ಟರ್ಕಿಯ ಎಸ್ಕಿಶೆಹಿರ್ ಸುತ್ತಮುತ್ತ ಸಿಗುವ ಬಿಳಿ ಮೆತು ಕಲ್ಲು ಅದು. ಜೇನುಮೇಣದಲ್ಲಿ ಅದ್ದಿ ತೆಗೆದಿರುತ್ತಾರೆ. ಸೇದುತ್ತಾ ಹೋದಂತೆ ಬುಡದಿಂದ ಮೇಲಕ್ಕೆ ಹಳದಿ, ಕೆಂಗಂದು ಏರುತ್ತದೆ. ಜನ ಹಣ ಕೊಡುವುದೇ ಆ ಬಣ್ಣಕ್ಕೆ. ಅದರ ಬಾಯಿ ತುಂಡು ಅಂಬರ್ (ಕಲ್ಲಿನಂತೆ ಗಟ್ಟಿಯಾದ ಹಳೇ ಮರದಂಟು) ಇದ್ದಂತಿತ್ತು. ಆಲ್ಕೋಹಾಲ್ ತಾಗಿದರೆ ಅಂಬರ್ ಮಂಕಾಗುತ್ತದೆ ಅಂತ ಹೊಗೆದಾರಿಗೂ ಕೈ ಹಾಕಲಿಲ್ಲ.

ಮಾರಾಟಕ್ಕೆ ಇಡುವಾಗ ಏನು ಮಾಡಿದ್ದೇನೆ, ಏನು ಬಿಟ್ಟಿದ್ದೇನೆ ಎರಡನ್ನೂ ಬರೆಯುತ್ತೇನೆ. ಕೆಲಸ ಶುರುಮಾಡುವ ಮುಂಚಿನ ಫೋಟೋಗಳನ್ನೂ ಸೇರಿಸುತ್ತೇನೆ. ಡನ್‌ಹಿಲ್ ಕೊಂಡವರು ಸ್ಟೆಮ್ಮಿನ ಬಣ್ಣದ ಬಗ್ಗೆ ಮಾತೇ ಎತ್ತಲಿಲ್ಲ. ಮುದ್ರೆಯದ್ದು ಮತ್ತು ಬೌಲಿನ ಒಳಗಿನದ್ದು ಹತ್ತಿರದ ಫೋಟೋ ಕೇಳಿದರು, ನೋಡಿ ದುಡ್ಡು ಹಾಕಿದರು. ಪೀಟರ್ಸನ್ ಅದಕ್ಕೂ ಬೇಗ ಹೋಯಿತು. ಮೀರ್‌ಶಾಮ್ ಇನ್ನೂ ನನ್ನ ಹತ್ತಿರವೇ ಇದೆ. ಕೇಳಿಕೊಂಡು ಬಂದವರಲ್ಲಿ ಕೆಲವರು ‘ಬೆಳ್ಳಗೆ ಮಾಡಿ ಕೊಡ್ತೀರಾ ಸಾರ್?’ ಅಂದರು. ಆಗಲ್ಲ ಅಂದೆ.