ಏರುವಾಗ 2,150, ಇಳಿಯುವಾಗ 1,960: ಜೋಡಿ ರೋಟರ್‌ನಲ್ಲಿ ಹಿಡಿದ ಜಿಗಿತ

ಕಲಬುರಗಿಯ ನಮ್ಮ ಪ್ರಯೋಗಾಲಯದ ಜೋಡಿ ರೋಟರ್ ರಿಗ್‌ನಲ್ಲಿ (ಟೊಳ್ಳು ಶಾಫ್ಟಿನೊಳಗೆ ಇನ್ನೊಂದು ಶಾಫ್ಟ್ ತಿರುಗುವ ಪರೀಕ್ಷಾ ಯಂತ್ರ) ಒಳಶಾಫ್ಟಿನ ವೇಗ 2,150 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಆಸುಪಾಸಿಗೆ ಬಂದೊಡನೆ ಕಂಪನ ಥಟ್ಟನೆ ಕುಸಿಯುತ್ತಿತ್ತು. ನೋಡಿದವರೆಲ್ಲ ಬೋಲ್ಟ್ ಸಡಿಲವಾಗಿದೆ ಎಂದರು. ಬೋಲ್ಟ್ ಬಿಗಿಮಾಡಿದೆ, ತಳಪಾಯಕ್ಕೆ ಮತ್ತೆ ಗ್ರೌಟ್ ಹಾಕಿಸಿದೆ. ಕುಸಿತ ಅಲ್ಲೇ ಇತ್ತು.

ಟೊಳ್ಳು ಹೊರಶಾಫ್ಟನ್ನು ಕಪನೂರಿನಲ್ಲಿ, ತೊಗರಿ ಬೇಳೆ ಮಿಲ್ಲುಗಳ ಕೆಲಸ ಮಾಡುವ ಲೇತ್ ಅಂಗಡಿಯೊಂದರಲ್ಲಿ ಮಾಡಿಸಿದ್ದೆ. ಮೊದಲನೆಯದರ ರನ್‌ಔಟ್ (ತಿರುಗುವಾಗ ಅಕ್ಷದಿಂದ ಓಲಾಡುವಿಕೆ) ಹೆಚ್ಚಾಗಿ ಸುಮಾರು 18 ಸಾವಿರ ರೂಪಾಯಿ ನೀರಿಗೆ ಹೋಯಿತು. ಒಟ್ಟು ಖರ್ಚು ಒಂದೂವರೆ ಲಕ್ಷದ ಹತ್ತಿರ. ಅದರಲ್ಲಿ ಮೂರನೆಯ ಒಂದು ಪಾಲು ನನ್ನ ಜೇಬಿನದು.

ನಾಚಿಕೆಯ ತಪ್ಪೂ ಒಂದಿದೆ. ಎರಡು ಶಾಫ್ಟ್‌ಗಳ ನಡುವಿನ ಗುಂಡು ಬೇರಿಂಗ್‌ನ (ಮಾದರಿ 6004) ಹೊರಬಳೆಯೂ ತಿರುಗುತ್ತದೆ ಎಂಬುದನ್ನು ಮರೆತು, ಗುಂಡುಗಳು ಹಾದುಹೋಗುವ ಆವರ್ತನವನ್ನು 117 ಹರ್ಟ್ಸ್ ಬಳಿ ತಿಂಗಳುಗಟ್ಟಲೆ ಹುಡುಕಿದೆ. ಅದು 330ರ ಸಮೀಪ ಸುಮ್ಮನೆ ಕುಳಿತಿತ್ತು.

ದಾರಿ ತೆರೆದದ್ದು ವೇಗ ಇಳಿಸುತ್ತ ಅಳೆದಾಗ. ಹತ್ತು ಆರ್‌ಪಿಎಂಗೊಮ್ಮೆ ಇಪ್ಪತ್ತು ಸೆಕೆಂಡು ನಿಲ್ಲಿಸುತ್ತ ಬಂದರೆ, ಕಂಪನ 2,150ರಲ್ಲಿ ಮರಳದೆ 1,960ರಲ್ಲಿ ಮೇಲಕ್ಕೆ ಜಿಗಿಯಿತು. ಇದು ಬೇರಿಂಗ್‌ನೊಳಗಿನ ಕ್ಲಿಯರೆನ್ಸಿನ (ಗುಂಡು-ಬಳೆಗಳ ನಡುವಿನ ಸಂದು) ಆಟವಿರಬಹುದೆಂದು, ಬೋಲ್ಟ್ ಸಡಿಲ ಎಂದವರ ಎದುರೇ ಹೆಚ್ಚು ಸಂದಿನ ಸಿ3 ಬೇರಿಂಗ್ ತೆಗೆದು ಸಾಮಾನ್ಯ ಕ್ಲಿಯರೆನ್ಸಿನದನ್ನು ಕೂರಿಸಿದೆ. ಎರಡು ಜಿಗಿತಗಳ ನಡುವಿನ 190ರ ಅಂತರ ಅರವತ್ತಕ್ಕೆ ಇಳಿಯಿತು. ಬೋಲ್ಟ್ ಯಾವುದನ್ನೂ ಮುಟ್ಟಿರಲಿಲ್ಲ.

ಇದನ್ನೇ ಕಂಪ್ಯೂಟರ್ ಲೆಕ್ಕದಲ್ಲಿ ತೋರಿಸಹೊರಟರೆ, ಕಾಲದಲ್ಲಿ ಹೆಜ್ಜೆ ಹೆಜ್ಜೆಯಾಗಿ ಸಾಗುವ ರುಂಗೆ-ಕುಟ್ಟಾ ವಿಧಾನ ಒಂದು ಓಟಕ್ಕೆ ಇಡೀ ರಾತ್ರಿ ತಿನ್ನುತ್ತಿತ್ತು, ಎರಡು ಜಿಗಿತಗಳ ನಡುವೆ ಅಡಗಿದ, ರಿಗ್ ನಿಲ್ಲಲಾರದ ಅಸ್ಥಿರ ಶಾಖೆಯನ್ನಂತೂ ತೋರಿಸುತ್ತಲೇ ಇರಲಿಲ್ಲ. ಹೊರಶಾಫ್ಟ್ ಮತ್ತು ಒಳಶಾಫ್ಟಿನ ವೇಗಗಳ ಅನುಪಾತವನ್ನು 1.2ಕ್ಕೆ ಕಟ್ಟಿ, ಒಳಶಾಫ್ಟಿನ ಆವರ್ತನದ ಐದನೆಯ ಒಂದು ಭಾಗವನ್ನೇ ಮೂಲವಾಗಿಟ್ಟರೆ, ಎರಡೂ ಅಸಮತೋಲನಗಳು ಅದರ ಐದನೆಯ ಮತ್ತು ಆರನೆಯ ಹಾರ್ಮೋನಿಕ್‌ಗಳಾಗಿ (ಪೂರ್ಣಾಂಕ ಪಟ್ಟುಗಳಾಗಿ), ಅವುಗಳ ಮೊತ್ತ ಹನ್ನೊಂದನೆಯದಾಗಿ ಒಂದೇ ಸರಣಿಯಲ್ಲಿ ಕೂರುತ್ತವೆ. ಕಂಪನವನ್ನು ಈ ಹಾರ್ಮೋನಿಕ್‌ಗಳ ಮೊತ್ತವಾಗಿ ಬಿಡಿಸುವ ಹಾರ್ಮೋನಿಕ್ ಬ್ಯಾಲೆನ್ಸ್‌ಗೆ, ವಕ್ರರೇಖೆ ಹಿಂದಕ್ಕೆ ತಿರುಗಿದರೂ ಅದರ ಗುಂಟ ಸಾಗುವ ಆರ್ಕ್-ಲೆಂತ್ ವಿಧಾನ ಸೇರಿಸಿ ಇಪ್ಪತ್ತು ನಿಮಿಷದಲ್ಲಿ ಇಡೀ ವಕ್ರರೇಖೆ ಪಡೆದೆ. ಜಿಗಿತದ ವೇಗಗಳು ಅಳತೆಗೆ ಮೂವತ್ತು ಆರ್‌ಪಿಎಂ ಒಳಗೆ ಹೊಂದಿದವು. ಮೋಟಾರುಗಳ ಸ್ಲಿಪ್‌ನಿಂದ (ಹೊರೆಗೆ ವೇಗ ಹಿಂದುಳಿಯುವುದು) ಅನುಪಾತ ಜಾರದಂತೆ ಎರಡಕ್ಕೂ ವೇಗ ಅಳೆಯುವ ಎನ್‌ಕೋಡರ್ ಬೇಕೇ ಬೇಕು. ಡ್ಯಾಂಪಿಂಗ್ (ಕಂಪನವನ್ನು ತಗ್ಗಿಸುವ ತಡೆ) ಅಂದಾಜಿಸಿದ ಬಗೆಯನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಮೇ ತಿಂಗಳಲ್ಲಿ ಇನ್ನೊಂದು ತಂಟೆ ಎದುರಾಯಿತು: ಸಿ3 ಬೇರಿಂಗ್‌ನಲ್ಲಿ ಬೆಳಗಿನ 190ರ ಅಂತರ, ರಿಗ್ ಓಡುತ್ತಲೇ ಇದ್ದ ದಿನ ಮಧ್ಯಾಹ್ನಕ್ಕೆ 120ಕ್ಕೆ ಬರುತ್ತಿತ್ತು. ಗ್ರೀಸ್ ಬದಲಿಸಿದರೂ ಫಲವಿರಲಿಲ್ಲ. ಮೂರು ಗಂಟೆ ತಣಿಸಿದರೆ ಅಂತರ ಮರಳುತ್ತಿದ್ದುದರಿಂದ, ಒಳಬಳೆ ಹೆಚ್ಚು ಬಿಸಿಯಾಗಿ ಹಿಗ್ಗಿ ಕ್ಲಿಯರೆನ್ಸ್ ತಿನ್ನುತ್ತಿದೆ ಎಂದು ತಿಳಿದೆ. ಈಗ ಬೆಳಿಗ್ಗೆ ಏಳಕ್ಕೆ ಶುರುಮಾಡಿ, ಬೇರಿಂಗ್ ಬಳಿಯ ತಾಪಮಾನವನ್ನು ಪ್ರತಿ ಓಟದ ಪಕ್ಕದಲ್ಲಿ ಬರೆದಿಡುತ್ತೇನೆ.