ಎಂಬತ್ತರ ಗೆರೆ ದಾಟುವ ಮುನ್ನ: ಇಂಗ್ಲೆಂಡಿನಲ್ಲಿ ಫ್ಲ್ಯಾಟ್ ಲೀಸ್ ವಿಸ್ತರಿಸುವುದು ಹೇಗೆ?

ಬೆಂಗಳೂರಿನಲ್ಲಿ ‘ಲೀಸ್‌ಗೆ ಮನೆ’ ಅಂದರೆ ಒಂದಿಷ್ಟು ಲಕ್ಷ ಒಟ್ಟಿಗೆ ಕೊಟ್ಟು, ಎರಡು–ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ದುಡ್ಡು ವಾಪಸ್ ಪಡೆಯುವುದು. ಹಳಬರ ಮಾತಿನಲ್ಲಿ ಭೋಗ್ಯ. ಈ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಲಂಡನ್ನಿನಲ್ಲೋ ಸ್ಲೌನಲ್ಲೋ ಫ್ಲ್ಯಾಟ್ ಕೊಂಡರೆ ಎಡವುವುದು ಖಚಿತ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಹುಪಾಲು ಫ್ಲ್ಯಾಟ್‌ಗಳು ಲೀಸ್‌ಹೋಲ್ಡ್. ನೀವು ಕೊಂಡಿರುವುದು 99 ವರ್ಷದ್ದೋ 125 ವರ್ಷದ್ದೋ ಹಕ್ಕು. ನೆಲ, ಕಟ್ಟಡ ಫ್ರೀಹೋಲ್ಡರ್‌ದು. ಆ ಅವಧಿ ಪ್ರತಿವರ್ಷ ಸವೆಯುತ್ತದೆ, ಜೊತೆಗೆ ಮನೆಯ ಬೆಲೆಯೂ.

ಮೊದಲು ಲೀಸ್ ಪತ್ರ ತೆಗೆದು, ಅವಧಿ ಶುರುವಾದ ದಿನ ನೋಡಿ. ಲೆಕ್ಕ ಹಿಡಿಯಬೇಕಾದ್ದು ಅಲ್ಲಿಂದ, ನೀವು ಕೊಂಡ ದಿನದಿಂದಲ್ಲ. ‘1982ರ ಜೂನ್ 24ರಿಂದ 125 ವರ್ಷ’ ಎಂದಿದ್ದರೆ ಅದು ಮುಗಿಯುವುದು 2107ರ ಜೂನ್‌ನಲ್ಲಿ. 2010ರಲ್ಲಿ ಕೊಂಡಾಗ ಏಜೆಂಟ್ ‘ಲಾಂಗ್ ಲೀಸ್ ಸರ್’ ಅಂದದ್ದು ಸುಳ್ಳಲ್ಲ. ಆದರೆ 2027ರ ಜೂನ್‌ಗೆ ಉಳಿಯುವುದು 80 ವರ್ಷ. ಪತ್ರ ಸಿಗದಿದ್ದರೆ ಲ್ಯಾಂಡ್ ರಿಜಿಸ್ಟ್ರಿಯ ಸರ್ಕಾರಿ ಜಾಲತಾಣದಲ್ಲಿ ಕೆಲವೇ ಪೌಂಡ್‌ಗೆ ಟೈಟಲ್ ರಿಜಿಸ್ಟರ್ ಪ್ರತಿ ಸಿಗುತ್ತದೆ.

ಉಳಿದ ಅವಧಿ ಎಂಬತ್ತು ವರ್ಷದ ಗೆರೆ ದಾಟಿ ಕೆಳಗಿಳಿಯಿತೋ, ‘ಮ್ಯಾರೇಜ್ ವ್ಯಾಲ್ಯೂ’ ಎಂಬ ಹೊಸ ಬಾಬ್ತು ಸೇರಿಕೊಳ್ಳುತ್ತದೆ. ಲೀಸ್ ಉದ್ದವಾದಾಗ ಫ್ಲ್ಯಾಟಿನ ಬೆಲೆ ಏರುತ್ತದಲ್ಲ, ಆ ಲಾಭದಲ್ಲಿ ಅರ್ಧ ಫ್ರೀಹೋಲ್ಡರ್‌ಗೆ. ಒಂದು ಕಾಲ್ಪನಿಕ ಲೆಕ್ಕ: ಈಗಿನ ಬೆಲೆ 2,70,000 ಪೌಂಡ್, ಉದ್ದನೆಯ ಲೀಸ್ ಇದ್ದರೆ 3,00,000, ವಿಸ್ತರಣೆಯಿಂದ ಫ್ರೀಹೋಲ್ಡರ್‌ಗೆ ಆಗುವ, ನೀವು ಹೇಗೂ ತುಂಬಿಕೊಡಬೇಕಾದ ನಷ್ಟ 12,000. ಏರಿಕೆಯ 30,000ದಲ್ಲಿ ಆ ನಷ್ಟ ಕಳೆದರೆ 18,000, ಅದರ ಅರ್ಧ 9,000. ಎಂಬತ್ತರ ಮೇಲಿದ್ದಾಗ 12,000ಕ್ಕೆ ಮುಗಿಯುತ್ತಿದ್ದುದು ಈಗ 21,000. ಹೆಸರಿಗೆ ಮದುವೆ, ಖರ್ಚು ಮಾತ್ರ ಒಂದೇ ಕಡೆಯವರದು!

ದಾರಿ ಎರಡು. ಫ್ರೀಹೋಲ್ಡರ್ ತಾನಾಗಿಯೇ ‘ಮತ್ತೆ 125ಕ್ಕೆ ಏರಿಸಿಕೊಡುತ್ತೇವೆ’ ಎಂದು ಪತ್ರ ಬರೆಯಬಹುದು. ಬೇಗ ಮುಗಿಯುವ ದಾರಿ ನಿಜ. ಆದರೆ ಷರತ್ತು ಅವರದು, ಹಳೆಯ ಅವಧಿ ಮುಗಿಯುವವರೆಗೆ ಗ್ರೌಂಡ್ ರೆಂಟ್ (ಫ್ರೀಹೋಲ್ಡರ್‌ಗೆ ಕೊಡುವ ನೆಲಬಾಡಿಗೆ) ಕೂಡ ಮುಂದುವರಿಯಬಹುದು. ನನ್ನ ಒಲವು ಎರಡನೆಯದಕ್ಕೆ, ವಿಸ್ತರಣೆಯನ್ನು ಹಕ್ಕಾಗಿ ಕೊಡುವ 1993ರ ಕಾಯ್ದೆಯ ದಾರಿಗೆ. ಅದರಲ್ಲಿ ಉಳಿದ ಅವಧಿಯ ಮೇಲೆ 90 ವರ್ಷ ಸೇರುತ್ತದೆ, ಗ್ರೌಂಡ್ ರೆಂಟ್ ‘ಪೆಪ್ಪರ್‌ಕಾರ್ನ್’ಗೆ ಇಳಿಯುತ್ತದೆ. ಅಂದರೆ ವರ್ಷಕ್ಕೆ ಒಂದು ಕಾಳುಮೆಣಸು, ಅದನ್ನೂ ಯಾರೂ ಕೇಳುವುದಿಲ್ಲ. ಶಿರಸಿ ಕಡೆಯವರಿಗೆ ನಗು ಬಂದೀತು. ಮೊದಲು ಎರಡು ವರ್ಷ ಒಡೆತನ ಇರಲೇಬೇಕಿತ್ತು. 2025ರ ಜನವರಿ 31ರಿಂದ ಆ ನಿಯಮ ಹೋಗಿದೆ.

ಲೀಸ್ ವಿಸ್ತರಣೆಯನ್ನೇ ಮಾಡುವ ಸಾಲಿಸಿಟರ್ ಮತ್ತು ವ್ಯಾಲ್ಯೂಯರ್ ಹಿಡಿಯಿರಿ. ಮನೆ ಕೊಳ್ಳುವಾಗ ಇದ್ದ ವಕೀಲರೇ ಸಾಕು ಎಂಬ ಉಳಿತಾಯ ಇಲ್ಲಿ ಬೇಡ. ವ್ಯಾಲ್ಯೂಯರ್ ಹೇಳಿದ ಅಂದಾಜಿನ ಆಧಾರದ ಮೇಲೆ ಸಾಲಿಸಿಟರ್ ಫ್ರೀಹೋಲ್ಡರ್‌ಗೆ ವಿಸ್ತರಣೆ ಕೋರುವ ‘ಸೆಕ್ಷನ್ 42’ ನೋಟಿಸ್ ಕೊಡುತ್ತಾರೆ. ಬೆಲೆ ಲೆಕ್ಕವಾಗುವುದು ಈ ನೋಟಿಸ್ ಕೊಟ್ಟ ದಿನಕ್ಕೆ. ಮಾತುಕತೆ ಎಷ್ಟೇ ಎಳೆದಾಡಲಿ, ನೋಟಿಸ್ ಎಂಬತ್ತರ ಗೆರೆಯ ಈಚೆ ತಲುಪಿದ್ದರೆ ಮ್ಯಾರೇಜ್ ವ್ಯಾಲ್ಯೂ ತಗಲುವುದಿಲ್ಲ. ಅದರಲ್ಲಿ ತೋರಿಸುವ ಮೊತ್ತ ನಂಬುವಂತಿರಬೇಕು. ತೀರಾ ಕಡಿಮೆ ಬರೆದರೆ ನೋಟಿಸೇ ಬಿದ್ದುಹೋಗಬಹುದು. ಫ್ರೀಹೋಲ್ಡರ್ ಆ ಮೊತ್ತದ ಶೇ 10ರಷ್ಟು ಅಥವಾ 250 ಪೌಂಡ್, ಯಾವುದು ಹೆಚ್ಚೋ ಅಷ್ಟು ಮುಂಗಡ ಕೇಳಬಹುದು. ಅವರ ಕಡೆಯ ವ್ಯಾಲ್ಯೂಯರ್, ವಕೀಲರ ನ್ಯಾಯವಾದ ಶುಲ್ಕವೂ ಸದ್ಯಕ್ಕೆ ನಿಮ್ಮ ತಲೆಗೇ.

ಉತ್ತರಕ್ಕೆ ಅವರಿಗೆ ಕನಿಷ್ಠ ಎರಡು ತಿಂಗಳು ಕಾಲಾವಕಾಶ ಕೊಡಬೇಕು. ಉತ್ತರ ಬಂದ ದಿನವನ್ನು ಊರಿಂದ ತಂದ ಕ್ಯಾಲೆಂಡರಿನಲ್ಲಿ ಕೆಂಪು ಮಸಿಯಲ್ಲಿ ಗುರುತು ಮಾಡಿ. ಬೆಲೆ ಕುದುರದಿದ್ದರೆ ಅವರು ಉತ್ತರ ಕೊಟ್ಟು ಎರಡು ತಿಂಗಳಾದ ಮೇಲೆ, ಆರು ತಿಂಗಳ ಒಳಗೆ ಟ್ರಿಬ್ಯುನಲ್‌ಗೆ ಅರ್ಜಿ ಹೋಗಬೇಕು. ತಪ್ಪಿದರೆ ನೋಟಿಸ್ ಹಿಂಪಡೆದಂತೆ. ಮತ್ತೆ ಹನ್ನೆರಡು ತಿಂಗಳು ಕೈಕಟ್ಟಿ ಕೂರಬೇಕು, ಅಷ್ಟರಲ್ಲಿ ಎಂಬತ್ತು ದಾಟಿರುತ್ತದೆ.

‘ಹೊಸ ಕಾನೂನು ಬಂತಲ್ಲ, ಕಾಯೋಣವೇ?’ ಎಂದು ಕೇಳುವವರಿದ್ದಾರೆ. 2024ರ ಕಾಯ್ದೆಯಲ್ಲಿ 990 ವರ್ಷದ ವಿಸ್ತರಣೆ ಇದೆ, ಮ್ಯಾರೇಜ್ ವ್ಯಾಲ್ಯೂ ರದ್ದತಿಯೂ ಇದೆ. ಆದರೆ ಕಾಯ್ದೆ ಪಾಸಾದ ಮಾತ್ರಕ್ಕೆ ಆ ಭಾಗಗಳು ಜಾರಿಗೆ ಬಂದಂತಲ್ಲ. ಜಾರಿಯ ದಿನವನ್ನು ಸಾಲಿಸಿಟರ್ ಹತ್ತಿರ ಕೇಳಿ ಖಚಿತಪಡಿಸಿಕೊಳ್ಳಿ. ಇನ್ನೂ 95 ವರ್ಷ ಇದ್ದರೆ ನಿಶ್ಚಿಂತೆಯಿಂದ ಕಾಯಿರಿ. ಈಗಾಗಲೇ 75ಕ್ಕೆ ಇಳಿದಿದ್ದು, ಮಾರುವ ಅವಸರವೂ ಇಲ್ಲದಿದ್ದರೆ ಕಾಯುವುದರಲ್ಲಿ ಅರ್ಥವಿದೆ. 81ರಲ್ಲಿದ್ದು ಮಾರುವ ಯೋಚನೆ ಇದ್ದವರಿಗೆ ಮಾತ್ರ ನಾನು ಕಾಯಿರಿ ಎನ್ನಲಾರೆ. ಸರ್ಕಾರದ ಅನುದಾನದಲ್ಲಿ ನಡೆಯುವ ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್‌ನ ಆರಂಭಿಕ ಸಲಹೆ ಉಚಿತ, ಬಳಸಿಕೊಳ್ಳಿ.

ಹಣ ಕೊಟ್ಟು ಹೊಸ ಲೀಸ್‌ಗೆ ಸಹಿ ಹಾಕಿದ ಮೇಲೂ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನೋಂದಣಿ ಬಾಕಿ ಇರುತ್ತದೆ. ಟೈಟಲ್ ರಿಜಿಸ್ಟರ್ ಪ್ರತಿಯನ್ನು ಇನ್ನೊಮ್ಮೆ ತರಿಸಿ, 2107 ಹೋಗಿ 2197 ಆಗಿದೆಯೇ ನೋಡಿ. ಆಮೇಲೆಯೇ ಸಾಲಿಸಿಟರ್‌ಗೆ ಫೈಲ್ ಮುಚ್ಚಲು ಹೇಳಿ.