“ಇದರಲ್ಲಿ ನಾವೆಲ್ಲಿದ್ದೇವೆ ಮಾರಾಯ್ತಿ?”

ಮಂಗಳೂರಿನ ಬೈಕಂಪಾಡಿಯ ಗೇರುಬೀಜ ರಫ್ತು ಕಚೇರಿಯೊಂದರಲ್ಲಿ ಪತ್ರವ್ಯವಹಾರ ನೋಡಿಕೊಳ್ಳುವುದು ನನ್ನ ಕೆಲಸ. ಓದಿದ್ದು ಹತ್ತನೆಯ ತರಗತಿಯವರೆಗೂ ಕನ್ನಡ ಮಾಧ್ಯಮ. ಕೆಲಸಕ್ಕೆ ಸೇರಿದಾಗ ಇಂಗ್ಲಿಷ್ ಪದಗಳಿಗೇನೂ ಬರವಿರಲಿಲ್ಲ. ಮಾಯಿಶ್ಚರ್, ಕರ್ನಲ್, ಇನ್ವಾಯ್ಸ್ ಎಲ್ಲವೂ ನಾಲಗೆಯ ತುದಿಯಲ್ಲಿದ್ದವು. ಬರದೆ ಇದ್ದದ್ದು ವಾಕ್ಯ. ಅದು ಬರುವುದಿಲ್ಲವೆಂದು ತಿಳಿಯುವುದಕ್ಕೇ ಎರಡು ವರ್ಷ ಹಿಡಿಯಿತು.

ತಿಳಿದದ್ದು ಒಂದು ಎಡವಟ್ಟಿನಿಂದ. ಹೊರದೇಶದ ಖರೀದಿದಾರರೊಬ್ಬರ ಏಜೆಂಟ್ ಬಂದು ಡಬ್ಲ್ಯು 240 ದರ್ಜೆಯ ಗೇರುಬೀಜದ ಮಾದರಿ ನೋಡಿ ಹೋದರು. 240 ಎಂದರೆ ಪೌಂಡಿಗೆ 220ರಿಂದ 240 ಹಿಡಿಯುವ ಇಡೀ ತಿರುಳು. ಸಂಖ್ಯೆ ಚಿಕ್ಕದಾದಷ್ಟೂ ತಿರುಳು ದೊಡ್ಡದು, ದರವೂ ದೊಡ್ಡದು. ಅಂದು ಸಂಜೆ ನಾನು ಬರೆದ ಎರಡು ಸಾಲು ಇನ್ನೂ ಬಾಯಿಪಾಠವಿದೆ: “ಯುವರ್ ಏಜೆಂಟ್ ಸಾ ದ ಸ್ಯಾಂಪಲ್ಸ್. ವಿಲ್ ಇನ್ಫಾರ್ಮ್ ದ ರೇಟ್ ಆನ್ ಮಂಡೇ.” ನನ್ನ ತಲೆಯಲ್ಲಿದ್ದದ್ದು “ಸೋಮವಾರ ದರ ತಿಳಿಸುತ್ತೇವೆ” ಎಂಬುದು. ಅವರು ಓದಿಕೊಂಡದ್ದು ಏಜೆಂಟ್ ತಿಳಿಸುತ್ತಾರೆ ಎಂದು. ಸೋಮವಾರ ಬೆಳಿಗ್ಗೆ ಏಜೆಂಟರಿಗೇ ಫೋನ್ ಹೋಯಿತು. ಅವರೂ ಸುಮ್ಮನಿರಲಾರದೆ ಅಂದಾಜಿನ ಮೇಲೆ ಒಂದು ದರ ಹೇಳಿಬಿಟ್ಟರು. ಸಂಜೆ ನಮ್ಮ ನಿಜವಾದ ದರ ತಲುಪಿದಾಗ ಅದು ಅದಕ್ಕಿಂತ ಹೆಚ್ಚು. ನಾಲ್ಕು ದಿನ ಹಗ್ಗಜಗ್ಗಾಟ.

ಧಣಿಗಳು ಬೈಯಲಿಲ್ಲ. ಮೇಲ್‌ನ ಪ್ರತಿಯನ್ನು ನನ್ನ ಮುಂದಿಟ್ಟು, “ಇದರಲ್ಲಿ ನಾವೆಲ್ಲಿದ್ದೇವೆ ಮಾರಾಯ್ತಿ?” ಎಂದು ಕೇಳಿದರು. ಹುಡುಕಿದೆ. ಇರಲಿಲ್ಲ.

ಕನ್ನಡದಲ್ಲಿ “ತಿಳಿಸುತ್ತೇವೆ” ಎಂದರೆ ಮುಗಿಯಿತು, ಕೊನೆಯ ಆ “ಏವೆ”ಯಲ್ಲಿ ನಾವು ಕುಳಿತಿದ್ದೇವೆ. “ತಿಳಿಸುತ್ತಾರೆ” ಎಂದರೆ ಅವರು. ಕ್ರಿಯಾಪದದ ಬಾಲವೇ ಕರ್ತೃವನ್ನು ಹೊತ್ತಿರುವಾಗ ಬೇರೆಯಾಗಿ “ನಾವು” ಎನ್ನುವ ಅಗತ್ಯವೇ ಬೀಳುವುದಿಲ್ಲ. ಇಂಗ್ಲಿಷಿನ “ವಿಲ್ ಇನ್ಫಾರ್ಮ್”ಗೆ ಬಾಲವಿಲ್ಲ. ನಾನಾಗಲಿ, ನೀವಾಗಲಿ, ಪಕ್ಕದ ಗೋಡೌನಿನವನಾಗಲಿ, ಎಲ್ಲರಿಗೂ ಅದೇ ರೂಪ. ಆದ್ದರಿಂದ ಅದರ ಮುಂದೆ ಒಬ್ಬರನ್ನು ಕೂರಿಸಲೇಬೇಕು. ಮಳೆಗೂ ವಿನಾಯಿತಿಯಿಲ್ಲ. ಜೂನ್‌ನಲ್ಲಿ ನಮ್ಮ ಶೀಟಿನ ಮಾಡು ಹಾರಿಹೋಗುವಂತೆ ಮಳೆ ಹೊಡೆಯುತ್ತಿರುತ್ತದೆ. ಅದನ್ನು ಹೇಳುವುದಕ್ಕೂ “ಇಟ್ ಈಸ್ ರೈನಿಂಗ್” ಎಂದು ಒಂದು “ಇಟ್” ಬೇಕು. ಯಾರು ಆ ಇಟ್ ಎಂದು ಕೇಳಬಾರದು. ಕುರ್ಚಿ ಖಾಲಿ ಕಾಣಬಾರದೆಂದು ಕರೆದು ಕೂರಿಸಿದ ಆಸಾಮಿ ಅದು.

ಮರುದಿನದಿಂದ ಪೆನ್ಸಿಲ್ ಹಿಡಿದೆ. ಮೇಲ್ ಕಳುಹಿಸುವ ಮೊದಲು ಪ್ರಿಂಟ್ ತೆಗೆದು, ಪ್ರತಿ ವಾಕ್ಯದಲ್ಲಿ ಎರಡು ಸುತ್ತು ಹಾಕುವುದು: “ಯಾರು” ಎಂಬುದಕ್ಕೊಂದು, ಕಾಲ ತೋರಿಸುವ ಕ್ರಿಯಾಪದಕ್ಕೊಂದು. ಎರಡರಲ್ಲಿ ಒಂದು ಸಿಗದಿದ್ದರೂ ಮೇಲ್ ಹೋಗುವಂತಿಲ್ಲ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಡುವ ಬಸ್ಸಿನಲ್ಲಿ ಇಂಗ್ಲಿಷ್ ಪತ್ರಿಕೆಗೂ ಇದೇ ಪೂಜೆ. ತಲೆಬರಹಗಳನ್ನು ಮಾತ್ರ ಬಿಟ್ಟುಬಿಡುತ್ತಿದ್ದೆ, ಅವುಗಳ ವ್ಯಾಕರಣವೇ ಬೇರೆ. ತಿಂಗಳೊಳಗೆ ಕಂಡಕ್ಟರ್ ನನ್ನನ್ನು ಟೀಚರ್ ಎಂದು ಕರೆಯತೊಡಗಿದ. ನಾನೂ ತಿದ್ದಲು ಹೋಗಲಿಲ್ಲ.

ಸುತ್ತು ಹಾಕುವಾಗ ಮೊದಲು ಸಿಕ್ಕಿಬಿದ್ದದ್ದು ನನ್ನ “ಇಂಗ್” ಚಾಳಿ. “ಗೋಡೌನಿಗೆ ಹೋಗಿ, ತೇವಾಂಶ ನೋಡಿ, ಡಬ್ಬ ಮುಚ್ಚಿ, ಲಾರಿಗೆ ಏರಿಸಿದೆವು.” ಹೋಗಿ, ನೋಡಿ, ಮುಚ್ಚಿ ಇವೆಲ್ಲ ಶಾಲೆಯಲ್ಲಿ ಕಲಿತ ಕೃದಂತಾವ್ಯಯಗಳು. ಎಷ್ಟು ಬೇಕಾದರೂ ಪೋಣಿಸಬಹುದು, ಕೊನೆಯ ಕ್ರಿಯಾಪದ ಎಲ್ಲದರ ಭಾರ ಹೊರುತ್ತದೆ. ನಾನು ಅದೇ ಧಾಟಿಯಲ್ಲಿ ಗೋಯಿಂಗ್, ಚೆಕಿಂಗ್, ಸೀಲಿಂಗ್ ಎಂದು ಪೋಣಿಸಿ, ಲೋಡಿಂಗ್ ಎಂದು ಚುಕ್ಕಿ ಇಡುತ್ತಿದ್ದೆ. ಎರಡನೆಯ ಸುತ್ತು ಹಾಕಲು ಇಡೀ ಸಾಲಿನಲ್ಲಿ ಒಂದು ಪದ ಸಿಗಲಿಲ್ಲ. ಈಗ “ವಿ ಚೆಕ್ಡ್ ದ ಮಾಯಿಶ್ಚರ್, ಸೀಲ್ಡ್ ದ ಟಿನ್ಸ್ ಅಂಡ್ ಲೋಡೆಡ್ ದ ಲಾರಿ” ಎಂದು ಬರೆಯುತ್ತೇನೆ. ಗೋಡೌನಿಗೆ ಹೋದದ್ದನ್ನು ಕೈಬಿಟ್ಟೆ. ಹೋಗದೆ ತೇವಾಂಶ ನೋಡಲಾಗದು ಎಂಬುದು ಖರೀದಿದಾರರಿಗೂ ಗೊತ್ತು.

“ಬಿಕಾಸ್” ಇನ್ನೊಂದು ಬಲೆ. “ಏಕೆಂದರೆ ಹಡಗು ತಡವಾಯಿತು” ಎಂದು ಕನ್ನಡದಲ್ಲಿ ಬೇರೆ ವಾಕ್ಯವಾಗಿಯೇ ಬರೆಯಬಹುದು. ಇಂಗ್ಲಿಷಿನ ಬಿಕಾಸ್ ಹೀಗೆ ಬಂದಾಗ ಹಿಂದಿನ ವಾಕ್ಯಕ್ಕೆ ಅಂಟಿಕೊಳ್ಳಬೇಕು, ನಡುವೆ ಚುಕ್ಕಿ ಬಿದ್ದರೆ ಅನಾಥ. ಇಲ್ಲಿ ಎರಡೂ ಸುತ್ತು ಬಿದ್ದರೂ ವಾಕ್ಯ ಅರ್ಧವೇ, ಹಾಗಾಗಿ ಬಿಕಾಸ್ ಕಂಡಲ್ಲೆಲ್ಲ ಪೆನ್ಸಿಲ್ ನಿಲ್ಲಿಸಿ ಹಿಂದೆ ನೋಡುವುದು ರೂಢಿಯಾಯಿತು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು “ದ ಕ್ವಾಲಿಟಿ ಆಫ್ ದ ಕರ್ನಲ್ಸ್ ಆರ್ ಗುಡ್”. ಎಷ್ಟು ಸಲ ತಿದ್ದಿದರೂ ಕೈ ಮತ್ತೆ “ಆರ್” ಎಂದೇ ಬರೆಯುತ್ತಿತ್ತು. ಕಾರಣ ಹೊಳೆದದ್ದು ಕನ್ನಡದ ಸಾಲನ್ನು ಕೆಳಗೆ ಬರೆದುಕೊಂಡಾಗ: “ತಿರುಳುಗಳ ಗುಣಮಟ್ಟ ಚೆನ್ನಾಗಿದೆ.” ಇಲ್ಲಿ ಗುಣಮಟ್ಟ ಕ್ರಿಯಾಪದದ ಮಗ್ಗುಲಲ್ಲೇ ಇದೆ, ತಪ್ಪಲು ದಾರಿಯಿಲ್ಲ. ಇಂಗ್ಲಿಷಿನಲ್ಲಿ ಕ್ವಾಲಿಟಿ ಎಲ್ಲೋ ಮುಂದೆ ಹೋಗಿ ಕೂತಿದೆ; ಮಗ್ಗುಲಿಗೆ ಬಂದು ಕೂತ ಬಹುವಚನದ ಕರ್ನಲ್ಸ್ “ಆರ್” ಅನ್ನು ಕೈಹಿಡಿದು ಎಳೆಯುತ್ತದೆ. ಅಂದಿನಿಂದ “ಆಫ್” ಕಂಡರೆ ಅದರಿಂದಾಚೆಗಿನದ್ದನ್ನು ಬೆರಳಿನಿಂದ ಮುಚ್ಚಿ ಓದುತ್ತೇನೆ. ಕ್ವಾಲಿಟಿ… ಈಸ್. ಕಚೇರಿಯ ಹೊಸ ಹುಡುಗ ಇದನ್ನು ನೋಡಿ ನಕ್ಕ. ಈಗ ಅವನೂ ಬೆರಳಿಡುತ್ತಾನೆ.

ಇಂಗ್ಲಿಷಿನ “ಎ”, “ದ” ಎರಡೂ ಇಂದಿಗೂ ನನಗೆ ಒಲಿದಿಲ್ಲ. ಬೇಸರವಾದಾಗ ಕಿಟ್ಟೆಲರನ್ನು ನೆನೆಯುತ್ತೇನೆ. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಇದೇ ಮಂಗಳೂರಿನಲ್ಲಿ ಹೊರಬಂತು. ಆ ಜರ್ಮನ್ ಮನುಷ್ಯನಿಗೆ ಎರಡೂ ತಾಯ್ನುಡಿಯಲ್ಲ. ನನಗೆ ಇರುವುದು ಒಂದರದ್ದೇ ಕಾಟ.

ಹೋದ ವಾರ ಅದೇ ಖರೀದಿದಾರರಿಂದ ಉತ್ತರ ಬಂತು: “ರಿಸೀವ್ಡ್. ವಿಲ್ ಚೆಕ್ ವಿತ್ ಏಜೆಂಟ್ ಅಂಡ್ ಕನ್ಫರ್ಮ್.” ಅವಸರದ ಮೇಲ್‌ಗಳಲ್ಲಿ ಅವರೂ ಕರ್ತೃವನ್ನು ನುಂಗುತ್ತಾರೆ. ಧಣಿಗಳಿಗೆ ತೋರಿಸಿದೆ. ಕನ್ನಡಕವನ್ನು ಹಣೆಗೆ ಏರಿಸಿ ಎರಡು ಸಲ ಓದಿದರು. “ಕನ್ಫರ್ಮ್ ಮಾಡುವುದು ಇವರೋ ಏಜೆಂಟೋ? ಕೇಳಿಬಿಡು,” ಎಂದರು.

ಕೇಳಿದೆ, ಎರಡು ಸುತ್ತು ಹಾಕಿದ ಮೇಲೆ.